ನಾನು ಕೆಡಿಸಿದ ಗರುಡನ ಕಣ್ಣು

ನಾನು ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು ಪರದೆಯ ಮೇಲೆ ಚಿತ್ರ ಬಿಡಿಸುವುದು ನನ್ನ ಕೆಲಸ. ವಿಡಿಯೋ ಗೇಮು ಆಡುವವರು ಕುದುರೆ ಓಡಿತು, ಗೋಡೆ ಬಿತ್ತು, ಮಳೆ ಬಂತು ಎನ್ನುತ್ತಾರಲ್ಲ, ಆ ಕುದುರೆ, ಆ ಗೋಡೆ, ಆ ಮಳೆ ಎಲ್ಲವೂ ನನ್ನಂಥವರ ದುಡಿಮೆ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡುವ ಮುಖ ನನಗೆ ಉಳಿದಿಲ್ಲ. ನನ್ನಿಂದ ಒಂದು ಅನ್ಯಾಯವಾಗಿದೆ, ಅದನ್ನು ಯಾರ ಮುಂದಾದರೂ ಹೇಳಿ ಮುಗಿಸಬೇಕಾಗಿದೆ. ನೀವು ಸಿಕ್ಕಿದ್ದೀರಿ, ಕೇಳಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಂಗೈಯಗಲದ ಹಸಿರು ಹಲಗೆ, ಅದರ ನಡುವೆ ನನ್ನ ಮಿದುಳು, ಸುತ್ತ ನಾಲ್ಕು ಕಪ್ಪು ಚಿಪ್ಪುಗಳು, ಮೇಲೊಂದು ಪುಟ್ಟ ಫ್ಯಾನು. ಆ ನಾಲ್ಕು ಚಿಪ್ಪುಗಳೇ ನನ್ನ ಮೆಮೊರಿ. ಒಂದೊಂದರಲ್ಲಿ ಅರ್ಧ ಜಿಬಿ, ಒಟ್ಟು ಎರಡು ಜಿಬಿ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನನ್ನು ಯಂತ್ರಕ್ಕೆ ಸಿಕ್ಕಿಸಿ, ನಿನ್ನಲ್ಲಿ ಎಷ್ಟಿದೆ ಎಂದು ಕೇಳಿದಳು. ಎರಡು ಎಂದೆ. ಅವಳು ಒಂದು ಚೀಟಿ ಅಂಟಿಸಿ ಮುಂದಕ್ಕೆ ತಳ್ಳಿದಳು. ನನ್ನ ಬಾಯಿಂದ ಬಂದ ಮೊದಲ ಮಾತು ನಿಜವಾದ ಮಾತು.

ಮೆಮೊರಿ ಯಾಕೆ ಬೇಕು ಎಂದು ನೀವು ಕೇಳಬಹುದು. ಗೇಮಿನೊಳಗಿನ ಯಾವ ವಸ್ತುವಿಗಾದರೂ ಮೊದಲು ಬರೀ ಆಕಾರವಿರುತ್ತದೆ, ಬಣ್ಣವಿಲ್ಲದ ಮಣ್ಣಿನ ಮುದ್ದೆಯ ಹಾಗೆ. ಆಮೇಲೆ ಅದರ ಮೈಮೇಲೆ ಒಂದು ಚಿತ್ರ ಹೊದಿಸುತ್ತಾರೆ. ಅದಕ್ಕೆ ಟೆಕ್ಸ್ಚರ್ ಎಂದು ಹೆಸರು. ಹುಲಿಗೆ ಪಟ್ಟೆ ಬರುವುದು, ಗೋಡೆಗೆ ಬಿರುಕು ಬರುವುದು, ಮುಖಕ್ಕೆ ಕಳೆ ಬರುವುದು ಎಲ್ಲ ಅದರಿಂದಲೇ. ಈ ಚಿತ್ರಗಳನ್ನೆಲ್ಲ ನಾನು ನನ್ನ ಮೆಮೊರಿಯಲ್ಲಿ ಜೋಡಿಸಿ ಇಟ್ಟುಕೊಂಡಿರಬೇಕು. ಚಿತ್ರ ದೊಡ್ಡದಾದಷ್ಟೂ ಅಚ್ಚುಕಟ್ಟಾಗಿ ಕಾಣುತ್ತದೆ, ಜಾಗವೂ ಹೆಚ್ಚು ಬೇಡುತ್ತದೆ. ಚಿತ್ರ ಚಿಕ್ಕದಾದರೆ ಜಾಗ ಉಳಿಯುತ್ತದೆ, ಆದರೆ ಎಲ್ಲ ಮಸುಕು ಮಸುಕು, ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ.

ನನ್ನ ಮೊದಲ ಯಜಮಾನಿ ಫಿಲೋಮಿನಾ ಆಂಟಿ. ದೊಡ್ಡ ನಗರವೊಂದರ ಹಳೇ ಬಡಾವಣೆಯಲ್ಲಿ, ತನ್ನ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಎಂಟು ಕಂಪ್ಯೂಟರ್ ಹಾಕಿಕೊಂಡು ಗೇಮಿಂಗ್ ಸೆಂಟರ್ ನಡೆಸುತ್ತಿದ್ದಳು. ನಾನಿದ್ದದ್ದು ಮೂರನೇ ಕಂಪ್ಯೂಟರಿನಲ್ಲಿ, ಮೇಜಿನ ಕೆಳಗೆ. ಡಬ್ಬದ ಜಾಲರಿಯಿಂದ ನನಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಕಾಲು ಕುಣಿಸುವವರು, ಚಪ್ಪಲಿ ಬಿಟ್ಟು ಕೂರುವವರು, ಸೋತಾಗ ನೆಲಕ್ಕೆ ಒದೆಯುವವರು. ಆಂಟಿಗೆ ಗೇಮು ಆಡಲು ಬರುತ್ತಿರಲಿಲ್ಲ, ಆದರೆ ಪ್ರತಿ ಕಂಪ್ಯೂಟರಿನ ತಾಕತ್ತು ಅವಳಿಗೆ ಗೊತ್ತಿತ್ತು.

"ಅದು ಎರಡರ ಕಾರ್ಡು ಕಣೋ. ಅದಕ್ಕೆ ಕಷ್ಟ ಕೊಡಬೇಡ. ಟೆಕ್ಸ್ಚರ್ ಮೀಡಿಯಮ್‌ನಲ್ಲೇ ಇರಲಿ," ಎನ್ನುತ್ತಿದ್ದಳು.

"ಹುಲ್ಲೆಲ್ಲ ಸೊಪ್ಪಿನ ಸಾರಿನ ಥರ ಕಾಣುತ್ತೆ ಆಂಟಿ."

"ಸಾರಿನ ಥರ ಕಂಡ್ರೆ ಕಾಣಲಿ. ನೀನೇನು ಮೇಯೋಕ್ಕೆ ಬಂದಿದ್ದೀಯಾ? ಆಡು."

ನಾನು ಬಿಡಿಸಿದ ಚಿತ್ರ ಕಂಡು ಅಲ್ಲಿ ಯಾರೂ ಬಾಯಿ ಬಾಯಿ ಬಿಡಲಿಲ್ಲ, ನಿಜ. ದೂರದ ಮರ ಹಲಗೆಯಂತೆ ಕಾಣುತ್ತಿತ್ತು, ಮನುಷ್ಯರ ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಆದರೂ ನನ್ನ ಅಳತೆ ಎಲ್ಲರಿಗೂ ಗೊತ್ತಿತ್ತು, ನಾನು ಮೋಸ ಮಾಡುತ್ತಿರಲಿಲ್ಲ. ಆರು ವರ್ಷ ಹಾಗೆ ಕಳೆಯಿತು. ಎಲ್ಲರ ಕೈಗೂ ಫೋನು ಬಂದ ಮೇಲೆ ಆಂಟಿಯ ಕಡೆ ಬರುವವರು ಕಡಿಮೆಯಾದರು. ಒಂದು ದಿನ ಅವಳು ಎಂಟೂ ಕಂಪ್ಯೂಟರುಗಳನ್ನು ಒರೆಸಿ, ಹಳೇ ಸಾಮಾನಿನವನ ಗಾಡಿಗೆ ಏರಿಸಿದಳು. ಆ ದಿನಗಳೇ ನನ್ನ ಒಳ್ಳೆಯ ದಿನಗಳು ಎಂದು ಆಗ ತಿಳಿಯಲಿಲ್ಲ.

ಅಲ್ಲಿಂದ ನಾನು ಬಂದದ್ದು ದಿನಕರ ಎಂಬವನ ಕೈಗೆ. ಬಜಾರಿನ ಮಹಡಿಯ ಮೇಲೆ ಅವನದೊಂದು ಗೂಡಿನಂಥ ಅಂಗಡಿ. ಹಳೇ ಕಾರ್ಡುಗಳನ್ನು ಒರೆಸಿ, ಹೊಸ ಡಬ್ಬಿಯಲ್ಲಿಟ್ಟು ಮಾರುವುದು ಅವನ ಕಸುಬು. ಅವನು ನನ್ನನ್ನು ಯಂತ್ರಕ್ಕೆ ಸಿಕ್ಕಿಸಿ, ಪಕ್ಕದಲ್ಲಿದ್ದವನಿಗೆ ಹೇಳಿದ: "ಎರಡು ಅಂದ್ರೆ ಯಾರೂ ಮೂಸಿ ನೋಡಲ್ಲ. ನಾಲ್ಕು ಅಂದ್ರೆ ಕಿತ್ಕೊಂಡು ಹೋಗ್ತಾರೆ. ನಾಲ್ಕು ಮಾಡೋಣ."

ಎರಡನ್ನು ನಾಲ್ಕು ಮಾಡುವುದು ಅಂದರೆ ಚಿಪ್ಪು ಹೆಚ್ಚಿಸುವುದು ಎಂದುಕೊಂಡೆ. ಅವನು ಚಿಪ್ಪು ಮುಟ್ಟಲಿಲ್ಲ. ನನ್ನೊಳಗೆ ನನ್ನ ಹೆಸರು, ಕುಲ, ಅಳತೆ ಬರೆದಿಟ್ಟ ಒಂದು ಸಣ್ಣ ಮೂಲೆ ಇದೆ. ಅಲ್ಲಿದ್ದುದನ್ನು ಅಳಿಸಿ, ನನ್ನ ಜಾತಿಯ ದೊಡ್ಡ ಕಾರ್ಡೊಂದರ ಬರಹ ತುಂಬಿಸಿದ. ಐದು ನಿಮಿಷದ ಕೆಲಸ. ಆಮೇಲೆ ಕಂಪ್ಯೂಟರು ಎಂದಿನಂತೆ ಕೇಳಿತು, ನಿನ್ನಲ್ಲಿ ಎಷ್ಟಿದೆ ಎಂದು. ನಾಲ್ಕು ಎಂದು ಹೇಳಿದ್ದು ನನ್ನ ಕಿವಿಗೇ ಬಿತ್ತು.

ಬಾಯಿಗೆ ತುರುಕಿದ ಮಾತು, ನನ್ನದೇನು ತಪ್ಪು ಎಂದು ಇಲ್ಲೇ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಇಷ್ಟು ಹೇಳಲು ಕೂತ ಮೇಲೆ ಪೂರ್ತಿ ಹೇಳಿಬಿಡುತ್ತೇನೆ. ನಾಲ್ಕು ಎಂದಾಗ ನನಗೆ ಹಿತವಾಯಿತು. ಆರು ವರ್ಷ ಸೊಪ್ಪಿನ ಸಾರು ಎನ್ನಿಸಿಕೊಂಡವನಿಗೆ ಅದು ಎಂಥ ಹಿತ ಎಂದು ನಿಮಗೆ ಹೇಗೆ ಹೇಳಲಿ. ಒಳಗಿರುವುದು ಎರಡೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹುಲಿಗೆಮ್ಮ ಬಂದದ್ದು ಅದೇ ವಾರ. ಕೊಪ್ಪಳದ ಹುಡುಗಿ, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಬೆನ್ನಿಗೆ ಚೀಲ, ಕೈಯಲ್ಲಿ ಒಂದು ಚೀಟಿ. ಚೀಟಿ ನೋಡಿಕೊಂಡು ಕೇಳಿದಳು, "ನಾಲ್ಕು ಐತಲ್ರಿ, ಖರೇನ?"

ದಿನಕರ ನನ್ನನ್ನು ಯಂತ್ರಕ್ಕೆ ಸಿಕ್ಕಿಸಿ ಪರದೆ ತೋರಿಸಿದ. "ನಾನು ಹೇಳೋದು ಬೇಡಮ್ಮ. ಕಾರ್ಡೇ ಹೇಳ್ತಿದೆ ನೋಡಿ."

ನಾನು ನಾಲ್ಕು ಎಂದೆ. ಅವಳು ನಂಬಿದಳು. ಬಸ್ಸಿನಲ್ಲಿ ಇಡೀ ದಾರಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಕೊಪ್ಪಳದ ಆ ಮನೆಯಲ್ಲಿ ಒಂದೇ ದೊಡ್ಡ ಕೋಣೆ. ಕಿಟಕಿಯ ಹತ್ತಿರ ಹುಲಿಗೆಮ್ಮನ ಮೇಜು, ಅದರ ಕೆಳಗೆ ನಾನು. ಎದುರು ಗೋಡೆಗೆ ಒರಗಿ, ನೆಲದ ಮೇಲೆ ಚಾಪೆ ಹಾಸಿಕೊಂಡು ಅವಳ ಅಪ್ಪ ವೆಂಕೋಬಪ್ಪ ಕೂರುತ್ತಿದ್ದರು. ಮೊದಲ ಬಾರಿಗೆ ನನಗೆ ಜಾಲರಿಯಾಚೆ ಒಬ್ಬ ಮನುಷ್ಯನ ಮುಖ ನೇರವಾಗಿ ಕಂಡಿತು, ಯಾಕೆಂದರೆ ಅವರು ಕೂರುವ ಎತ್ತರವೂ ನನ್ನ ಎತ್ತರವೂ ಒಂದೇ. ಎಪ್ಪತ್ತರ ಆಸುಪಾಸು, ನರೆತ ಹುರಿಮೀಸೆ, ದಪ್ಪ ಗಾಜಿನ ಕನ್ನಡಕ. ಹಿಂದಿನ ವರ್ಷ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು.

ಅವರದು ಚಿತ್ರಗಾರರ ಮನೆತನ. ಕಿನ್ನಾಳದ ಕಡೆಯಿಂದ ಬಂದವರು. ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಿಸೆಬೀಜದ ಸರಿ ಹಚ್ಚಿ, ಮೇಲೆ ಪದರ ಪದರವಾಗಿ ಬಣ್ಣ ಕೊಡುವ ಕಸುಬು. ವೆಂಕೋಬಪ್ಪನ ಎಳೆ ಎಂದರೆ ಆ ಕಡೆ ಹೆಸರಾಗಿತ್ತಂತೆ. ಕೂದಲಿಗಿಂತ ಸಣ್ಣ ಗೀಟನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಆದರೆ ಆಪರೇಷನ್ ಆದಂದಿನಿಂದ ಗೊಂಬೆ ಕೇಳಿಕೊಂಡು ಬರುವವರು ಕಡಿಮೆಯಾಗಿದ್ದರು. ಮುದುಕನ ಕೈ ಹೋಯಿತು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತ್ತು.

ಅದಕ್ಕೇ ಹುಲಿಗೆಮ್ಮ ಈ ಕೆಲಸ ಹಿಡಿದಿದ್ದಳು. ಹುಬ್ಬಳ್ಳಿಯಲ್ಲಿ ನಿರಂಜನ ಎಂಬವನು ಇಬ್ಬರು ಗೆಳೆಯರ ಜೊತೆ ಒಂದು ಗೇಮು ಮಾಡುತ್ತಿದ್ದ. ಅದರೊಳಗಿನ ಪ್ರಾಣಿ, ಪಕ್ಷಿ, ರಾಜ, ರಾಣಿ ಎಲ್ಲ ಬಣ್ಣದ ಮರದ ಗೊಂಬೆಗಳು. ಅವುಗಳ ಟೆಕ್ಸ್ಚರ್ ಮಾಡುವ ಹೊಣೆ ಹುಲಿಗೆಮ್ಮನದು. ಅಪ್ಪ ನಿಜವಾದ ಗೊಂಬೆಗೆ ಬಣ್ಣ ಹಾಕಬೇಕು, ಅವಳು ಅದರ ಇಂಚಿಂಚಿನ ಫೋಟೋ ತೆಗೆದು, ಗೇಮಿನ ಆಕಾರದ ಮೇಲೆ ಹೊದಿಸಬೇಕು.

ಟೆಕ್ಸ್ಚರ್ ಅಂದರೇನು ಎಂದು ವೆಂಕೋಬಪ್ಪ ಕೇಳಿದರು. ಅವಳು ಹೇಳಿದಳು. ಅವರು ಮೀಸೆ ತೀಡಿಕೊಂಡು, "ಅಂದ್ರ ತೊಗಲು. ಆಕಾರ ಯಾರರ ಮಾಡ್ಲಿ, ತೊಗಲು ಹಾಕೋರು ನಾವ. ನೀ ಮಾಡೋದೂ ನನ್ನ ಕಸುಬ ಆತಲ್ಲವಾ," ಎಂದರು. ಅವರ ಮುಖದಲ್ಲಿ ನಗು ಕಂಡಿತು.

"ನೀ ಎಳೆದ ಎಳಿ ಒಂದೊಂದೂ ಕಾಣಸ್ತೈತಪ್ಪಾ. ಎಲ್ಲಾ ದೊಡ್ಡ ಅಳತಿದ ಇಡ್ತೀನಿ. ಕೈ ಹೋಗೈತಿ ಅಂದಾವ್ರು ಬಂದು ನೋಡ್ಲಿ," ಎಂದಳು ಅವಳು.

ನಾಲ್ಕು ಜಿಬಿಯ ಕಾರ್ಡು ಬೇಕಾಗಿದ್ದದ್ದು ಅದಕ್ಕೆ.

ಮೊದಲ ಕೆಲವು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಗಿಳಿ, ಆನೆ, ಡೊಳ್ಳಿನವನು, ಒಂದೊಂದಾಗಿ ಬಂದವು. ಒಂದೊಂದು ಗೊಂಬೆಯೂ ನನ್ನ ಎರಡರೊಳಗೆ ಹಿಡಿಸುತ್ತಿತ್ತು. ಅವರಿಬ್ಬರ ಕೆಲಸ ನನ್ನ ಮೂಲಕ ಹಾದು ಪರದೆಗೆ ಹೋಗುವಾಗ ನನಗೆ ಹಬ್ಬ. ಎಂಥ ಬಣ್ಣ, ಎಂಥ ಗೀಟು. ಆ ಮನೆಯಲ್ಲೇ ಮುದುಕನಾಗಿ, ಅಲ್ಲೇ ಸಾಯಬೇಕು ಎಂದುಕೊಂಡೆ.

ಕೊನೆಯದು ಗರುಡ. ಗೇಮಿಗೆ ಅವನೇ ನಾಯಕ. ಮೊಣಕೈಯುದ್ದದ ಗೊಂಬೆ, ರೆಕ್ಕೆಯ ಗರಿ ಒಂದೊಂದರ ಮೇಲೂ ಬೇರೆ ಬೇರೆ ನಮೂನೆ. ವೆಂಕೋಬಪ್ಪ ಅದಕ್ಕೆ ಮೂರು ತಿಂಗಳು ತೆಗೆದುಕೊಂಡರು.

ಆ ಮನೆತನದಲ್ಲಿ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಬೆಳಿಗ್ಗೆ ಸ್ನಾನ ಮಾಡಿ, ಬಾಯಿಗೆ ಹನಿ ನೀರೂ ಹಾಕದೆ, ಪೂರ್ವಕ್ಕೆ ಮುಖ ಮಾಡಿ ಕೂತು ಬರೆಯಬೇಕು. ಎರಡೂ ಕಣ್ಣು ಮುಗಿಯುವ ತನಕ ಮಾತಿಲ್ಲ. ಬರೆದಾದ ಮೇಲೆ ಗೊಂಬೆಗೆ ಜೀವ ಬಂತು ಎಂದು ಲೆಕ್ಕ, ಮತ್ತೆ ಅದಕ್ಕೆ ಕುಂಚ ಮುಟ್ಟಿಸುವಂತಿಲ್ಲ. ಇನ್ನೊಂದು ಕಟ್ಟುನಿಟ್ಟು: ಕಣ್ಣು ಕೂಡದ, ಅಂದರೆ ಸರಿಯಾಗಿ ಮೂಡದ ಕೆಲಸವನ್ನು ಹೊಸ್ತಿಲಾಚೆ ಯಾರಿಗೂ ತೋರಿಸಬಾರದು. ಹುಲಿಗೆಮ್ಮ ಕಂಪ್ಯೂಟರಿನಲ್ಲಿ ದುಡಿಯುವವಳಾದರೂ ಇದರಲ್ಲಿ ಅಪ್ಪನ ಮಗಳೇ. ನನ್ನೊಳಗೆ ಚಿತ್ರ ತುಂಬುವಾಗಲೂ ಮೊದಲು ರೆಕ್ಕೆ, ಆಮೇಲೆ ಎದೆ, ಕಿರೀಟ, ಕೊಕ್ಕು, ಕಟ್ಟಕಡೆಗೆ ಕಣ್ಣು.

ವೆಂಕೋಬಪ್ಪ ಗರುಡನ ಕಣ್ಣು ಬರೆದ ಬೆಳಿಗ್ಗೆ ನಾನು ಜಾಲರಿಯಿಂದ ನೋಡುತ್ತಲೇ ಇದ್ದೆ. ಮಡಿ ಪಂಚೆ, ಒದ್ದೆ ತಲೆ. ಕುಂಚ ಮೇಲಿಂದ ಇಳಿದು, ತಿರುಗಿ, ನಿಂತಿತು. ಕೈ ಒಂದಿಷ್ಟೂ ಅಲುಗಲಿಲ್ಲ. ಕಣ್ಣು ಬರೆದು ಮುಗಿದಾಗ ಆ ಮರದ ತುಂಡು ನನ್ನನ್ನೇ ದಿಟ್ಟಿಸಿತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೈ ಅಲುಗಲಿಲ್ಲ, ನಾನೇ ಸಾಕ್ಷಿ.

ಹುಲಿಗೆಮ್ಮ ಫೋಟೋ ತೆಗೆದಳು, ಗೇಮು ತೆರೆದಳು, ತುಂಬತೊಡಗಿದಳು. ರೆಕ್ಕೆ ಬಂತು. ಗರಿಗಳು ಬಂದವು. ಎದೆ, ಕಿರೀಟ, ಕೊಕ್ಕು. ಅಷ್ಟರಲ್ಲಿ ನನ್ನ ಎರಡು ಜಿಬಿ ಕಂಠಮಟ್ಟ ತುಂಬಿತ್ತು. ಇನ್ನೂ ಜಾಗ ಇದೆಯೇ ಎಂದು ಕಂಪ್ಯೂಟರು ಕೇಳಿತು. ಇದೆ ಎಂದೆ. ನನ್ನೊಳಗೆ ಬರೆದಿದ್ದದ್ದು ಅದೇ. ಕಣ್ಣು ಬಂತು. ಇಡಲು ಜಾಗವಿಲ್ಲ. ಇಲ್ಲದ ಜಾಗದಲ್ಲಿ ಇಡಹೋಗಿ, ಒಂದಿಷ್ಟು ಒಂದರ ಮೇಲೊಂದು ಬಿತ್ತು, ಒಂದಿಷ್ಟು ಕಳೆದುಹೋಯಿತು. ಮಿಕ್ಕಿದ್ದನ್ನು ಗರುಡನ ಮುಖಕ್ಕೆ ಹಚ್ಚಿದೆ. ಪರದೆಯ ಮೇಲೆ ಮೈಯೆಲ್ಲ ಚೊಕ್ಕ, ಕಣ್ಣು ಮಾತ್ರ ಸೋರಿದ ಬಣ್ಣ. ಎಡಗಣ್ಣಿನ ಗೀಟು ಕೆನ್ನೆಗೆ ಇಳಿದಿತ್ತು, ಬಲಗಣ್ಣು ಅಳ್ಳಾಡುತ್ತಿತ್ತು.

ಹುಲಿಗೆಮ್ಮನ ಕಾಲುಗಳು ಅಲುಗುವುದನ್ನು ನಿಲ್ಲಿಸಿದವು. ವೆಂಕೋಬಪ್ಪ ಎದ್ದು ಬಂದು ಮೇಜಿನ ಮುಂದೆ ನಿಂತರು.

"ಫೋನಿನಾಗಿನ ಫೋಟೋ ಚೊಲೋ ಐತಪ್ಪಾ, ನೋಡಿಲ್ಲಿ. ಕಂಪ್ಯೂಟರಿನ್ಯಾಗ ಏನೋ ಹೆಚ್ಚುಕಡಿಮಿ ಆಗೈತಿ."

"ಫೋನಿನಾಗ ಸಣ್ಣದು ಕಾಣ್ತೈತಿ, ಅದಕ ಚೊಲೋ ಕಾಣ್ತೈತಿ. ದೊಡ್ಡದು ಮಾಡಿದ್ರ ಇದ್ದದ್ದು ಇದ್ದಂಗ ಕಾಣ್ತೈತಿ," ಎಂದರು ಅವರು.

"ಮೈಯೆಲ್ಲಾ ಬರೋಬರಿ ಐತಲ್ಲ."

"ಹೌದವಾ. ಮೈ ಬರೋಬರಿ ಐತಿ. ಕಣ್ಣ ಕೆಟ್ಟಾವ. ಕಂಪ್ಯೂಟರ ಕೆಡಿಸೂದಾಗಿದ್ರ ಎಲ್ಲಾ ಕೆಡಿಸತಿತ್ತು. ಕೈ ನಡಗಿದ್ದು ನನಗ ತಿಳಿದಿಲ್ಲ, ಅಷ್ಟ."

ಅವರ ಮಾತಿನಲ್ಲಿ ತರ್ಕವಿತ್ತು, ಅದೇ ಅನ್ಯಾಯ. ಹುಬ್ಬಳ್ಳಿಗೆ ಒಮ್ಮೆ ಕಳಿಸಿದ್ದರೆ ಸಾಕಿತ್ತು, ನಿರಂಜನನ ಕಂಪ್ಯೂಟರಿನಲ್ಲಿ ಆ ಕಣ್ಣು ಹೊಳೆಯುತ್ತಿತ್ತು, ನನ್ನ ಬಣ್ಣ ಬಯಲಾಗುತ್ತಿತ್ತು. ಆದರೆ ಕಣ್ಣು ಕೂಡದ ಕೆಲಸ ಹೊಸ್ತಿಲು ದಾಟುವಂತಿಲ್ಲವಲ್ಲ. ಹುಲಿಗೆಮ್ಮ ಕಳಿಸಲಿಲ್ಲ. ಅಪ್ಪನ ಕೈ ಹೋಗಿದೆ ಎಂದು ತಾನೇ ಊರಿಗೆ ಸಾರಿದಂತಾದೀತು ಎಂಬ ಅಳುಕೂ ಅವಳಿಗೆ ಇದ್ದಿರಬೇಕು.

ಅದೇ ಮಧ್ಯಾಹ್ನ ನನಗೆ ತಪ್ಪು ತಿದ್ದಿಕೊಳ್ಳಲು ಒಂದು ಅವಕಾಶ ಸಿಕ್ಕಿತು. ಕೊಪ್ಪಳದ ಏಪ್ರಿಲ್ ತಿಂಗಳು, ತಗಡಿನ ಮಾಡು, ನನ್ನ ಫ್ಯಾನಿನ ತುಂಬ ಧೂಳು. ಹುಲಿಗೆಮ್ಮ ಮತ್ತೆ ಮತ್ತೆ ಗರುಡನನ್ನು ತುಂಬಿ ನೋಡುತ್ತಿದ್ದಳು, ನನ್ನ ಮೈ ಕೆಂಡವಾಗಿತ್ತು. ಬಿಸಿ ಮಿತಿ ಮೀರಿದರೆ ತಾನಾಗಿ ಆರಿಹೋಗಲು ನಮ್ಮ ಕುಲಕ್ಕೆ ಅನುಮತಿ ಇದೆ. ನಾನು ಆರಿದ್ದರೆ ಅವಳು ನನ್ನನ್ನು ರಿಪೇರಿಗೆ ಒಯ್ಯುತ್ತಿದ್ದಳು, ಅಲ್ಲಿ ಬಿಚ್ಚುತ್ತಿದ್ದರು, ಎಲ್ಲ ತಿಳಿಯುತ್ತಿತ್ತು. ನಾನು ಆರಲಿಲ್ಲ. ಚಿತ್ರ ಬಿಡಿಸುವುದನ್ನು ಕೊಂಚ ನಿಧಾನ ಮಾಡಿ, ಮೈಬಿಸಿ ಇಳಿಸಿಕೊಂಡು, ಹೇಗೋ ಉಸಿರು ಹಿಡಿದು ಉಳಿದೆ. ಯಾಕೆಂದರೆ ಬಿಚ್ಚಿದರೆ ಎರಡು ಎಂದು ಗೊತ್ತಾಗುತ್ತಿತ್ತು. ಗೊತ್ತಾದರೆ ಆ ಮನೆಯಿಂದ ಹೊರಗೆ. ನನ್ನ ಒಂದು ಮೂಲೆ ಉಳಿಸಿಕೊಳ್ಳಲು ನಾನು ಸುಮ್ಮನಿದ್ದುಬಿಟ್ಟೆ.

ಮರುದಿನ ಬೆಳಿಗ್ಗೆ ವೆಂಕೋಬಪ್ಪ ಸ್ನಾನ ಮಾಡಿ ಬಂದು ಗರುಡನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಕೈಯಲ್ಲಿ ಕುಂಚವಿರಲಿಲ್ಲ, ಸಣ್ಣ ಚಾಕು ಇತ್ತು. ಹುಲಿಗೆಮ್ಮ ಬಾಗಿಲಲ್ಲೇ ನಿಂತಳು.

"ಅಪ್ಪಾ, ಕಣ್ಣು ಬರದ ಮ್ಯಾಲ ಮುಟ್ಟಬಾರದು ಅಂತ ನೀನ ಹೇಳ್ತಿದ್ದಿ."

"ಜೀವ ಬಂದಿದ್ರ ಮುಟ್ಟಬಾರದವಾ. ಬಂದಿಲ್ಲಲ್ಲ."

ಅವರು ಕೆರೆದರು. ಕರ್ ಕರ್ ಎಂದು ಒಣ ಸದ್ದು. ಪುಡಿ ಬಣ್ಣ ಪಂಚೆಯ ಮೇಲೆ ಉದುರಿತು. ಕೆರೆಯುವಾಗ ಅವರು ಗರುಡನ ಮುಖ ನೋಡಲಿಲ್ಲ, ಎದುರಿಗೆ ನೋಡುತ್ತಿದ್ದರು. ಎದುರಿಗಿದ್ದವನು ನಾನು. ಅರವತ್ತು ವರ್ಷ ಗೊಂಬೆಗಳಿಗೆ ಕಣ್ಣು ಕೊಟ್ಟ ಕೈಯಿಂದ ಕಣ್ಣು ಕೀಳಿಸಿದೆ. ನಾಚಿಕೆಗೆ ನನಗೆ ಸಾವು ಬರಬೇಕಿತ್ತು, ಬರಲಿಲ್ಲ.

ಎರಡನೇ ಸಲ ಬರೆದರು. ನಾನು ಎರಡನೇ ಸಲ ಕೆಡಿಸಿದೆ. ಹುಲಿಗೆಮ್ಮ ಎಳೆ ಸ್ವಲ್ಪ ದಪ್ಪ ಇರಲಿ ಎಂದಳು. ಮತ್ತೆ ಕೆರೆದು ಮೂರನೇ ಸಲ ಬರೆಯಲು ಕೂತಾಗ, ಕುಂಚ ಮರಕ್ಕೆ ತಾಗುವ ಮೊದಲೇ ಅದರ ತುದಿ ನಡುಗುತ್ತಿತ್ತು. ಹೌದು, ಆಗ ನಿಜವಾಗಿ ನಡುಗಿತು. ನಡುಗುತ್ತದೆ ಎಂದು ನಂಬಿದ ಕೈ ನಡುಗದೆ ಏನು ಮಾಡೀತು? ಗೀಟು ಅಡ್ಡ ಹೋಯಿತು, ಹಸಿಯಿರುವಾಗಲೇ ಅದನ್ನು ಒರೆಸಿ ತೆಗೆದರು. ವೆಂಕೋಬಪ್ಪ ಕುಂಚವನ್ನು ನೀರಿನಲ್ಲಿ ಅದ್ದಿ, ತೊಳೆದು, ಪಂಚೆಯ ಚುಂಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟರು.

"ಸಾಕವಾ. ಮಂದಿ ಖರೇನ ಹೇಳ್ಯಾರ," ಎಂದರು.

ಹುಲಿಗೆಮ್ಮ ಗೋಡೆ ಹಿಡಿದು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು ಕೂತಳು, ಕೆಲಸ ಒಪ್ಪಿಸುವ ದಿನ ಹತ್ತಿರ ಬಂದಿತ್ತಲ್ಲ. ಮೊದಲ ಕಣ್ಣಿನ ಫೋಟೋವನ್ನೇ ಎತ್ತಿಕೊಂಡಳು. ಕಣ್ಣು ಒಡೆಯದಂತೆ ಏನಾದರೂ ಮಾಡಬೇಕಿತ್ತು. ಅಳತೆ ಅರ್ಧ ಮಾಡಿ ನೋಡಿದಳು. ಎಲ್ಲ ನನ್ನ ಎರಡರೊಳಗೆ ಇಳಿಯಿತು, ಕಣ್ಣು ಸೋರುವುದು ನಿಂತಿತು. ಮಸುಕಾಗಿತ್ತು, ಆದರೆ ಕೂಡಿತ್ತು. ಗರುಡನೊಬ್ಬನೇ ಮಸುಕಾಗಿದ್ದರೆ ಎದ್ದು ಕಂಡೀತೆಂದು ಗಿಳಿ, ಆನೆ, ಡೊಳ್ಳಿನವನು ಎಲ್ಲವನ್ನೂ ಅರ್ಧ ಮಾಡಿದಳು. ಅಪ್ಪನ ಎಳೆಗಳು ಒಂದರೊಳಗೊಂದು ಕರಗಿ ಕೆಸರಾದವು. ಹಾಗೇ ಹುಬ್ಬಳ್ಳಿಗೆ ಕಳಿಸಿದಳು. ಅಲ್ಲಿಯೂ ಅವಸರದಲ್ಲಿದ್ದರು, ಸೇರಿಸಿ ಬಿಡುಗಡೆ ಮಾಡಿದರು.

ಗೇಮು ಹೊರಬಂದ ವಾರದಲ್ಲೇ ಜನ ಮುಗಿಬಿದ್ದರು, ಹೊಗಳಲಿಕ್ಕಲ್ಲ. ಗೊಂಬೆಗಳಿಗೆ ಸಗಣಿ ಸಾರಿಸಿದ್ದಾರೆ ಎಂದು ಒಬ್ಬ ಬರೆದ. ಕಲಾವಿದನಿಗೆ ಕನ್ನಡಕ ಕೊಡಿಸಿ ಎಂದು ಇನ್ನೊಬ್ಬ. ಗರುಡನ ಮುಖವನ್ನು ದೊಡ್ಡದು ಮಾಡಿ, ನಗೆಯ ಗುರುತು ಹಾಕಿ ಸಾವಿರಾರು ಮಂದಿ ಹಂಚಿಕೊಂಡರು. ಆ ಬರಹಗಳನ್ನೆಲ್ಲ ಹುಲಿಗೆಮ್ಮನ ಪರದೆಗೆ ತಂದು ಬಿಡಿಸಿದವನೂ ನಾನೇ. ಅಕ್ಷರ ಒಂದೂ ಕೆಡದಂತೆ ಚೊಕ್ಕವಾಗಿ ಬಿಡಿಸಿದೆ, ಅದಕ್ಕೆ ಜಾಗ ಬೇಕಿಲ್ಲ ನೋಡಿ. ಅವಳು ಅಪ್ಪನಿಗೆ ತೋರಿಸಲಿಲ್ಲ. ಪಕ್ಕದ ಮನೆಯವರು ಫೋನಿನಲ್ಲಿ ತೋರಿಸಿ ಹೋದರು. ವೆಂಕೋಬಪ್ಪ ನೋಡಿ, ಹೂಂ ಎಂದು ಫೋನು ಹಿಂದಕ್ಕೆ ಕೊಟ್ಟರು. ಅಂದಿನಿಂದ ಅವರು ಚಾಪೆ ಹಾಸುವುದನ್ನು ಬಿಟ್ಟರು. ನನ್ನ ಎದುರು ಬರೀ ಗೋಡೆ ಉಳಿಯಿತು.

ಹತ್ತು ದಿನದ ಮೇಲೆ ನಿರಂಜನ ಫೋನು ಮಾಡಿದ. ಅವನಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. ಅಷ್ಟು ಸಣ್ಣ ಅಳತೆ ಯಾಕೆ ಕಳಿಸಿದಿರಿ ಎಂದು ಕೇಳಿದ.

"ದೊಡ್ಡದಿಟ್ರ ಕಣ್ಣು ಒಡೀತಿದ್ದವು ಸರ," ಎಂದಳು ಹುಲಿಗೆಮ್ಮ.

"ಕಾರ್ಡ್ ಎಷ್ಟರದು?"

"ನಾಲ್ಕರದು."

"ನಾಲ್ಕಕ್ಕ ಆ ಗರುಡ ಆರಾಮ ಹಿಡಿಸ್ಬೇಕ್ರೀ. ಆ ಕಾರ್ಡ್ ಒಮ್ಮೆ ಬಿಚ್ಚಿ ನೋಡಸ್ರಿ."

ಅವಳು ನನ್ನನ್ನು ಬಸ್ ಸ್ಟ್ಯಾಂಡ್ ಹತ್ತಿರದ ದಾದಾಪೀರ್ ಎಂಬ ರಿಪೇರಿಯವನ ಬಳಿಗೆ ಒಯ್ದಳು. ಅವನು ಫ್ಯಾನು ಬಿಚ್ಚಿ, ಚಿಪ್ಪಿನ ಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ, ನಾಲ್ಕನ್ನೂ ಒಂದೊಂದಾಗಿ ಮುಟ್ಟಿ ತೋರಿಸಿದ.

"ಅರ್ಧ, ಅರ್ಧ, ಅರ್ಧ, ಅರ್ಧ. ಎರಡ ಐತಿ ಅಕ್ಕಾ. ಒಳಗ ಹೆಸರು ಬದಲ್ ಮಾಡ್ಯಾರ. ಎರಡು ದಾಟಿದ ಕೂಡ್ಲೇ ಕೊನೀಗೆ ಬಂದಿದ್ದು ಕೆಡತೈತಿ."

"ಕೊನೀಗೆ ಬಂದಿದ್ದು," ಎಂದಳು ಅವಳು. ಅಂಗಡಿಯ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟಳು. ಅವಳು ಏನು ನೆನೆಯುತ್ತಿದ್ದಳು ಎಂದು ಬೇರೆ ಯಾರಿಗೂ ತಿಳಿಯದಿದ್ದರೂ ನನಗೆ ತಿಳಿಯಿತು. ಕರ್ ಕರ್ ಎಂಬ ಆ ಸದ್ದು.

ದಾದಾಪೀರ್ ಬೇರೆ ಕಾರ್ಡು ಕೊಟ್ಟ, ಅವಳ ಎದುರೇ ಬಿಚ್ಚಿ, ಎಣಿಸಿ ಕೊಟ್ಟ. ನನ್ನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ವಾಪಸು ತಂದಳು. ಮನೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ನನ್ನನ್ನು ಒಗೆದು, ಹೊಸ ಕಾರ್ಡು ಸಿಕ್ಕಿಸಿ, ಮೊದಲ ದಿನದ ಫೋಟೋಗಳನ್ನು ಪೂರ್ತಿ ಅಳತೆಯಲ್ಲಿ ತುಂಬಿದಳು. ಅಪ್ಪನನ್ನು ಕೈ ಹಿಡಿದು ಕರೆತಂದು ಕುರ್ಚಿಯ ಮೇಲೆ ಕೂರಿಸಿದಳು.

ಜೀವಮಾನವಿಡೀ ಪರದೆಗೆ ಚಿತ್ರ ಕಳಿಸಿದ ನಾನು ಪರದೆಯನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ರೆಕ್ಕೆ ಬಂತು. ಎದೆ, ಕಿರೀಟ, ಕೊಕ್ಕು. ಆಮೇಲೆ ಕಣ್ಣು. ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ರೆಪ್ಪೆಯ ಕೆಳಗಿನ ಕೆಂಪು ಗೀಟು ಸಹಿತ, ಗರುಡ ಕಣ್ಣು ಬಿಟ್ಟ. ನಾನು ಅವನ ಮುಂದೆ ತಲೆ ಎತ್ತಲಾರದೆ ಹೋದೆ.

ವೆಂಕೋಬಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇವು ನಾ ಮೊದಲ ದಿನ ಬರದ ಕಣ್ಣು, ಹೌದಿಲ್ಲೋ?"

"ಹೌದಪ್ಪಾ. ನಿನ್ನ ಕೈಯಾಗ ಏನೂ ತಪ್ಪಿದ್ದಿಲ್ಲ. ಎಲ್ಲಾ ಈ ಕಾರ್ಡಿಂದ. ನಿರಂಜನ ಸರ್‌ಗೆ ಇದನ್ನ ಕಳಸ್ತೀನಿ, ಗೇಮಿನಾಗ ಬದಲ್ ಮಾಡ್ತಾರ. ಎಲ್ಲಾರೂ ನೋಡ್ತಾರ."

ಅವರು ತಮ್ಮ ಬಲಗೈಯನ್ನು ಎತ್ತಿ ಬೆರಳು ಬಿಡಿಸಿ ನೋಡಿಕೊಂಡರು. ಅದು ಸಣ್ಣಗೆ ನಡುಗುತ್ತಲೇ ಇತ್ತು. ಅದು ನಿಲ್ಲಲಿ ಎಂದು ನಾನು ಬೇಡಿಕೊಂಡೆ. ನಿಲ್ಲಲಿಲ್ಲ.

"ಅವಾಗ ಕೈ ಹೋಗಿದ್ದಿಲ್ಲ ಅಂದಂಗಾತು," ಎಂದರು ಅವರು. "ಆಮ್ಯಾಲ ನಾನ ಅದನ್ನ ಕಳಿಸಿಕೊಟ್ಟೆ."

ಹುಲಿಗೆಮ್ಮನಿಗೆ ದುಃಖ ಉಕ್ಕಿತು, ಅದರ ಹಿಂದೆಯೇ ಸಿಟ್ಟು. ಗೊಂಬೆ ಕೆತ್ತುವ ಸುತ್ತಿಗೆ ಕೈಗೆ ತೆಗೆದುಕೊಂಡು ನನ್ನ ಕಡೆ ಬಂದಳು. ನನಗೆ ಹೆದರಿಕೆಯಾಗಲಿಲ್ಲ. ಒಂದು ಏಟು ಬಿದ್ದರೆ ಸಾಕು ಎಂದು ಕಾದೆ. ಆದರೆ ವೆಂಕೋಬಪ್ಪ ಎದ್ದು ಬಂದು ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡರು. ನನ್ನನ್ನು ಎತ್ತಿ, ನಡುಗುವ ಬೆರಳಿನಿಂದ ನನ್ನ ಮೈಮೇಲಿನ ಧೂಳು ಒರೆಸಿದರು.

ಈಗ ನಾನು ಆ ಕೋಣೆಯ ಗೂಡಿನಲ್ಲಿದ್ದೇನೆ. ಫ್ಯಾನಿಲ್ಲ, ತಂತಿಯಿಲ್ಲ, ಯಾರೂ ಏನೂ ಕೇಳುವುದಿಲ್ಲ. ಪಕ್ಕದಲ್ಲಿ ಮರದ ಗರುಡ, ಕಣ್ಣಿರಬೇಕಾದಲ್ಲಿ ಎರಡು ಬಿಳಿ ಗುಳಿ. ಗೇಮಿನೊಳಗಿನ ಗರುಡನನ್ನು ಈಗ ಜನ ಹೊಗಳುತ್ತಾರಂತೆ, ಹುಲಿಗೆಮ್ಮ ಅವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳುತ್ತಾಳೆ. ಅವರು ಕೇಳಿಸಿಕೊಳ್ಳುತ್ತಾರೆ. ಬಣ್ಣದ ಡಬ್ಬಿ ಮಾತ್ರ ತೆರೆಯುವುದಿಲ್ಲ. ಮನೆಗೆ ಬಂದವರು ನನ್ನನ್ನು ಕಂಡು, ಇದೇ ಅಲ್ಲವೇ ಆ ಸುಳ್ಳು ಹೇಳಿದ ಕಾರ್ಡು, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಗುಜರಿಗೆ ಹಾಕಿ ಎನ್ನುತ್ತಾರೆ. ಆಗೆಲ್ಲ ವೆಂಕೋಬಪ್ಪ ಸುತ್ತಿಗೆ ಕಸಿದುಕೊಂಡ ದಿನ ಮಗಳಿಗೆ ಹೇಳಿದ ಮಾತನ್ನೇ ಹೇಳುತ್ತಾರೆ.

"ಇರ್ಲಿ ಬಿಡ್ರಿ. ಯಾರೋ ಹೇಳಿಕೊಟ್ರು, ಹೇಳ್ತು. ಪಾಪ, ಅದಕೇನು ಗೊತ್ತು."

ಸುತ್ತಿಗೆಯ ಏಟು ಇದಕ್ಕಿಂತ ಹಗುರಾಗಿರುತ್ತಿತ್ತು. ನನಗೆ ಗೊತ್ತಿತ್ತು, ವೆಂಕೋಬಪ್ಪ. ನೀವು ಚಾಕು ಎತ್ತಿಕೊಂಡಾಗಲೂ ಗೊತ್ತಿತ್ತು.